ಗುರುತ್ವ ಸೋರಿಹೋದರೆ?

ಹೆಚ್ಚಿನ ಆಯಾಮ ಎಂದೊಡನೆ ಆತ್ಮ, ಪರಲೋಕ ಎಂದು ಶುರುಮಾಡುವವರಿಗೆ ಕೊರತೆಯಿಲ್ಲ. ಇದೇನು ಹೊಸ ಚಾಳಿಯಲ್ಲ. 1877ರಲ್ಲಿ ಲೈಪ್‌ಜಿಗ್‌ನ ಖಭೌತ ವಿಜ್ಞಾನಿ ಝೋಲ್ನರ್, ಪ್ರೇತಗಳೊಡನೆ ಮಾತಾಡುತ್ತೇನೆನ್ನುತ್ತಿದ್ದ ಹೆನ್ರಿ ಸ್ಲೇಡ್‌ನ ಎದುರು ಕೂತ. ತುದಿಗಳನ್ನು ಅರಗಿನಿಂದ ಮುದ್ರೆಮಾಡಿದ್ದ ದಾರದಲ್ಲಿ ಗಂಟು ಬಿದ್ದದ್ದು ಕಂಡು, ನಾಲ್ಕನೇ ಆಯಾಮದ ಆತ್ಮಗಳ ಕೆಲಸವೆಂದು ನಂಬಿಬಿಟ್ಟ. ಸ್ಲೇಡ್ ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ವಂಚನೆಯ ಆರೋಪಕ್ಕೆ ಕೋರ್ಟು ಹತ್ತಿದ್ದವನು! ತಮಾಷೆಯೆಂದರೆ ಝೋಲ್ನರನ ಗಣಿತ ಸರಿಯಾಗಿಯೇ ಇತ್ತು: ದೇಶಕ್ಕೆ (ಎಂದರೆ ಸ್ಪೇಸ್‌ಗೆ) ನಾಲ್ಕು ಆಯಾಮಗಳಿದ್ದರೆ ತುದಿ ಬಿಚ್ಚದೆಯೇ ಗಂಟು ಹಾಕಬಹುದು.

ಅದಿರಲಿ. ದೂರದ ಸೂಪರ್‌ನೋವಾಗಳು, ಅಂದರೆ ಸಿಡಿಯುವ ನಕ್ಷತ್ರಗಳು, ನಿರೀಕ್ಷೆಗಿಂತ ಮಂಕಾಗಿವೆ, ಅಂದರೆ ವಿಶ್ವ ಹಿಗ್ಗುವ ವೇಗ ಏರುತ್ತಿದೆ ಎಂದು 1998ರಲ್ಲಿ ಎರಡು ತಂಡಗಳು ತೋರಿಸಿದವು. ಬಹುತೇಕರು ಹೊಣೆಯನ್ನು ಡಾರ್ಕ್ ಎನರ್ಜಿ ಎಂಬ, ವಿಶ್ವವನ್ನು ಹಿಗ್ಗಿಸುವ ಕಾಣದ ಶಕ್ತಿಯ ತಲೆಗೆ ಕಟ್ಟಿದರು. 2000ದಲ್ಲಿ ಡ್ವಾಲಿ, ಗಬದಾಡ್ಜೆ, ಪೊರಾಟಿ ಎಂಬ ಮೂವರು ಭೌತವಿಜ್ಞಾನಿಗಳು ಮುಂದಿಟ್ಟ ಮಾದರಿಯೊಂದು ಬೇರೆ ದಾರಿ ತೆರೆಯಿತು. ಅದರ ಪ್ರಕಾರ ನಮ್ಮ ವಿಶ್ವ, ಒಂದು ಆಯಾಮ ಹೆಚ್ಚಿರುವ ಇನ್ನೂ ದೊಡ್ಡ ದೇಶದಲ್ಲಿರುವ ಒಂದು ಪೊರೆ. ಬೆಳಕು, ಪರಮಾಣುಗಳು ಅದಕ್ಕೆ ಅಂಟಿಕೊಂಡಿವೆ, ಗುರುತ್ವ ಮಾತ್ರ ಆಚೆ ಸೋರಬಲ್ಲದು.

ಕಾಲುವೆಯ ನೀರನ್ನು ನೆನೆಯಿರಿ. ತೂಬಿನ ಹತ್ತಿರ ಇಂಗಿದ್ದು ಲೆಕ್ಕಕ್ಕೇ ಬರುವುದಿಲ್ಲ, ಕೊನೆಯ ಗದ್ದೆ ತಲುಪುವ ಹೊತ್ತಿಗೆ ಹರಿವು ಸೊರಗಿರುತ್ತದೆ. ಹಾಗೆಯೇ ಗ್ರಹಗಳ ನಡುವೆ ನ್ಯೂಟನ್ನನ ವಿಲೋಮ ವರ್ಗ ನಿಯಮ (ದೂರ ಇಮ್ಮಡಿಯಾದರೆ ಸೆಳೆತ ಕಾಲುಭಾಗ) ಬಹುಪಾಲು ಹಾಗೇ ಉಳಿಯುತ್ತದೆ. ನೂರಾರು ಕೋಟಿ ಜ್ಯೋತಿರ್ವರ್ಷಗಳಾಚೆ ಸೆಳೆತ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ.

ನನಗೆ ರೋಮಾಂಚನ ತಂದದ್ದು 2001ರಲ್ಲಿ ಭೌತವಿಜ್ಞಾನಿ ಡೆಫೆಯೆ ತೋರಿಸಿದ ಸಂಗತಿ. ದ್ರವ್ಯವಷ್ಟೇ ಇರುವ ಸಾಮಾನ್ಯ ವಿಶ್ವದಲ್ಲಿ ದ್ರವ್ಯ ತೆಳುವಾದಂತೆಲ್ಲ ಹಿಗ್ಗುವ ದರ ಸೊನ್ನೆಯತ್ತ ಇಳಿಯುತ್ತದೆ. ಈ ಮಾದರಿಯ ಸಮೀಕರಣಗಳ ಒಂದು ಪರಿಹಾರದಲ್ಲಿ ಅದು ಇಳಿದು ಇಳಿದು ಒಂದು ಬೆಲೆಯಲ್ಲಿ ನಿಂತುಬಿಡುತ್ತದೆ. ಆ ಬೆಲೆಯನ್ನು ನಿರ್ಧರಿಸುವುದು ಸೋರಿಕೆಯ ದೂರ, ಅಂದರೆ ಗುರುತ್ವದ ಸೋರಿಕೆ ಎದ್ದು ಕಾಣತೊಡಗುವ ದೂರ. ದರ ಸ್ಥಿರವಾದರೆ ವೇಗವೇಕೆ ಏರಬೇಕು? ದರವೆಂದರೆ ಇಷ್ಟು ದೂರಕ್ಕೆ ಇಷ್ಟು ವೇಗ. ಗೆಲಾಕ್ಸಿ ಇಮ್ಮಡಿ ದೂರ ಸರಿದಾಗ ಅದರ ವೇಗವೂ ಇಮ್ಮಡಿ! ಡಾರ್ಕ್ ಎನರ್ಜಿಯ ಹಂಗೇ ಬೇಡ.

ಇಷ್ಟು ಚೆಂದದ ವಿಚಾರ ನಿಲ್ಲಲಿಲ್ಲ. ಲೆಕ್ಕದೊಳಗೆ ಋಣ ಶಕ್ತಿಯ ಅಸ್ಥಿರತೆ ಕಾಣಿಸಿತು. ವಿಶ್ವದ ಹಿನ್ನೆಲೆ ವಿಕಿರಣವನ್ನೂ (ಎಳೆಯ ವಿಶ್ವದಿಂದ ಉಳಿದ ಬೆಳಕು) ಸೂಪರ್‌ನೋವಾಗಳನ್ನೂ ಒಟ್ಟಿಗಿಟ್ಟು ನೋಡಿದಾಗ ಡಾರ್ಕ್ ಎನರ್ಜಿಯ ಅತಿ ಸರಳ ರೂಪವಾದ ಐನ್‌ಸ್ಟೈನರ ಸ್ಥಿರಾಂಕವೇ ಚೆನ್ನಾಗಿ ಹೊಂದಿತು. 2017ರ ಆಗಸ್ಟ್‌ನಲ್ಲಿ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಸುದ್ದಿಯನ್ನು ಗುರುತ್ವ ತರಂಗವೂ ಬೆಳಕೂ ಹೊತ್ತು ತಂದವು. ತರಂಗ ಸೋರಿದ್ದರೆ ದುರ್ಬಲವಾಗಿ, ಡಿಕ್ಕಿ ಇನ್ನೂ ದೂರದಲ್ಲಿ ನಡೆದಂತೆ ತೋರಬೇಕಿತ್ತು. ಎರಡೂ ಹೇಳಿದ ದೂರ ತಾಳೆಯಾಯಿತು. ಆದರೆ ಈ ಸೋರಿಕೆಯ ಅಳತೆಗೆ 13 ಕೋಟಿ ಜ್ಯೋತಿರ್ವರ್ಷ ತೀರಾ ಹತ್ತಿರ. 2035ರ ಸುಮಾರಿಗೆ ಹಾರಿಸಲು ಯೋಜಿಸಿರುವ, ಬಾಹ್ಯಾಕಾಶದಲ್ಲಿ ಗುರುತ್ವ ತರಂಗ ಹಿಡಿಯುವ ಲೀಸಾ ವೀಕ್ಷಣಾಲಯ ಇನ್ನೂ ಬಹುದೂರದ ತರಂಗಗಳನ್ನು ಹಿಡಿಯಬೇಕಿದೆ.