ಸರದ ಬಿಲ್ ಕೇಳಿದರು, ಕತ್ತು ನೋಡಲಿಲ್ಲ

ಕೆಲವು ವರ್ಷಗಳ ಹಿಂದೆ, ಬೆಳಗಿನ ಹಾಲು ತರಲು ಹೋಗಿದ್ದ ನಮ್ಮ ಚಿಕ್ಕಮ್ಮನ ಕತ್ತಿನಿಂದ ಸರ ಕಿತ್ತುಕೊಂಡು ಹೋದರು. ಎಳೆದ ರಭಸಕ್ಕೆ ಕತ್ತಿನ ಸುತ್ತ ಕೆಂಪು ಗೆರೆ ಎದ್ದು, ಒಂದು ಕಡೆ ರಕ್ತ ಜಿನುಗುತ್ತಿತ್ತು. ಅಲ್ಲಿಗೆ ಸೆರಗು ಒತ್ತಿಕೊಂಡು ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ದೂರು ಬರೆದುಕೊಳ್ಳುವ ರೈಟರ್ ಮೊದಲು ಕೇಳಿದ್ದು, "ಸರದ ಬಿಲ್ ಇದೆಯಾ ಅಮ್ಮಾ?" ಆಮೇಲೆ, "ರಸ್ತೆಯ ಯಾವ ಬದಿಯಲ್ಲಿ ಆಯ್ತು? ಆ ಬದಿಯಾದರೆ ನಮ್ಮ ಲಿಮಿಟ್ಸ್‌ಗೆ ಬರಲ್ಲ." ಆಟೋ ಹತ್ತಿ ಪಕ್ಕದ ಠಾಣೆಗೆ ಹೋದೆವು. ಅಲ್ಲೂ ಬಿಲ್ ಕೇಳಿದರು. ಕತ್ತಿಗೆ ಔಷಧಿ ಹಚ್ಚಿದ್ದು ಮಧ್ಯಾಹ್ನ, ಮನೆಗೆ ಬಂದ ಮೇಲೆ.

ಆ ರೈಟರ್ ಕೆಟ್ಟ ಮನುಷ್ಯ ಅಂತ ನನಗೆ ಅನಿಸಲಿಲ್ಲ. ಅವರ ಮುಂದಿದ್ದ ನಮೂನೆಯಲ್ಲಿ ಕಳುವಾದ ಸೊತ್ತಿಗೆ, ಅದರ ಬೆಲೆಗೆ, ಠಾಣೆಯಿಂದ ಜಾಗ ಎಷ್ಟು ದೂರ ಎಂಬುದಕ್ಕೆ ಕಾಲಂ ಇತ್ತು. ಸೊತ್ತು ಕಳಕೊಂಡವರು ಈಗ ಹೇಗಿದ್ದಾರೆ ಎಂಬುದಕ್ಕೆ ಇರಲಿಲ್ಲ.

ಇದರ ಬೇರು ಹಳೆಯದು. 1857ರ ದಂಗೆಯ ಬಿಸಿ ಆರುವ ಮೊದಲೇ, 1861ರಲ್ಲಿ, ಬ್ರಿಟಿಷರು ಪೊಲೀಸ್ ಕಾಯ್ದೆಯನ್ನೂ, ತನಿಖೆ ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಮೊದಲ ದಂಡ ಪ್ರಕ್ರಿಯಾ ಸಂಹಿತೆಯನ್ನೂ ತಂದರು. ಅಪರಾಧವೆಂದರೆ ಸರ್ಕಾರದ ವಿರುದ್ಧ ನಡೆದ ತಪ್ಪು. ವ್ಯಾಜ್ಯ ಸರ್ಕಾರಕ್ಕೂ ಆರೋಪಿಗೂ. ಪೆಟ್ಟು ತಿಂದವರು ಠಾಣೆಯಲ್ಲಿ ಫಿರ್ಯಾದಿ, ಕೋರ್ಟಿನಲ್ಲಿ ಒಂದನೇ ಸಾಕ್ಷಿ. ಸಾಕ್ಷಿ ಹೇಳಿ ಕಟಕಟೆ ಇಳಿದರೆ ಅವರ ಕೆಲಸ ಮುಗಿಯಿತು. ಸ್ವತಂತ್ರ ಭಾರತದ 1973ರ ಸಂಹಿತೆ ಎಫ್‌ಐಆರ್‌ನ ನಕಲನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕೆಂದಿತು. ಹೆಂಗಸರನ್ನು ಹೇಳಿಕೆಗಾಗಿ ಠಾಣೆಗೆ ಕರೆಸದೆ ಅವರಿರುವಲ್ಲಿಗೇ ಹೋಗಬೇಕೆಂದಿತು. ಆದರೆ 'ನೊಂದವರು' ಎಂಬ ವ್ಯಕ್ತಿಯ ವ್ಯಾಖ್ಯೆ ಅದರಲ್ಲೂ ಇರಲಿಲ್ಲ.

ಠಾಣೆಯೊಳಗೇ ನೊಂದವರ ಕಥೆಯಂತೂ ಇನ್ನೂ ಕಠೋರ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾದ ಆರೋಪದಲ್ಲಿ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ ಎಂಬುದೂ ಅದಕ್ಕೆ ಒಂದು ಕಾರಣವಾಯಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೇ ಬಹಿರಂಗ ಪತ್ರ ಬರೆದರು. ದೇಶದ ಹೆಣ್ಣುಮಕ್ಕಳು ಬೀದಿಗಿಳಿದರು. ಪೊಲೀಸ್ ವಶದಲ್ಲಿ ನಡೆಯುವ ಅತ್ಯಾಚಾರವನ್ನು ಬೇರೆಯೇ ಅಪರಾಧವಾಗಿಸಿ, ಸಂತ್ರಸ್ತೆಯ ಹೆಸರು ಬಹಿರಂಗಪಡಿಸುವುದನ್ನು ಶಿಕ್ಷಾರ್ಹಗೊಳಿಸಿದ 1983ರ ತಿದ್ದುಪಡಿ ಬಂದದ್ದು ಆ ಹೋರಾಟದಿಂದ.

ಆಮೇಲಿನ ಕಾಲು ಶತಮಾನ ಹೆಚ್ಚೇನೂ ಕದಲಲಿಲ್ಲ. 2008ರ ತಿದ್ದುಪಡಿ 2009ರ ಡಿಸೆಂಬರ್ 31ರಂದು ಜಾರಿಯಾದಾಗಲೇ ನೊಂದವರು ಯಾರು ಎಂಬ ವ್ಯಾಖ್ಯೆ ಸಂಹಿತೆಯೊಳಗೆ ಬಂತು. ಜೊತೆಗೆ 357ಎ ಕಲಮು. ಪ್ರತಿ ರಾಜ್ಯವೂ ಪರಿಹಾರ ಯೋಜನೆ ಮಾಡಬೇಕು. ಕರ್ನಾಟಕದ್ದು 2011ರ ಯೋಜನೆ. ಈ ಕಲಮಿನಲ್ಲಿದ್ದ ಒಂದು ಮಾತು ಪ್ರತಿ ಠಾಣೆಯ ಗೋಡೆಯ ಮೇಲೂ ಇರಬೇಕಿತ್ತು ಅಂತ ನನ್ನ ಆಸೆ: ಕಳ್ಳನೋ ಕೊಲೆಗಾರನೋ ಪತ್ತೆಯೇ ಆಗದಿದ್ದರೂ, ನೊಂದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಬಂದ 2012ರ ಪೋಕ್ಸೊ ಕಾಯ್ದೆ ಇನ್ನೂ ಮುಂದೆ ಹೋಯಿತು. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಮಗುವಿಗೆ ಖಾಕಿ ಎಂದರೆ ಏನು ಎಂಬುದನ್ನು ಯೋಚಿಸಿ ಬರೆದ ನಿಯಮಗಳಿವು.

2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರದ ವರ್ಷ 2013, ಠಾಣೆಯ ಬಾಗಿಲನ್ನೇ ಅಗಲ ಮಾಡಿತು. ಲೈಂಗಿಕ ಅಪರಾಧದ ದೂರು ಬರೆದುಕೊಳ್ಳದ ಅಧಿಕಾರಿಗೆ ಜೈಲು ಶಿಕ್ಷೆ ಬಂತು. ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಬೇಕಾಯಿತು. ಎಲ್ಲೇ ಅಪರಾಧ ನಡೆದಿರಲಿ, ಮೊದಲು ಹೋದ ಠಾಣೆಯೇ ಸೊನ್ನೆ ಸಂಖ್ಯೆ ಕೊಟ್ಟು ದೂರು ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ಕಳಿಸಬೇಕು ಎಂಬ ಝೀರೋ ಎಫ್‌ಐಆರ್ ಮಾತು ಗಟ್ಟಿಯಾಯಿತು. ಅದೇ ವರ್ಷದ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದಿತು. ಆ ಪ್ರಕರಣ ಶುರುವಾಗಿದ್ದು ಕಾಣೆಯಾದ ಮಗಳಿಗಾಗಿ ತಂದೆಯೊಬ್ಬರು ಕೊಟ್ಟ ದೂರಿನಿಂದ.

ದೂರು ಕೊಟ್ಟವರನ್ನು ಬೆದರಿಸಿದರೆ? 2018ರ ಡಿಸೆಂಬರ್‌ನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಕಾನೂನಿನ ಬಲ ಕೊಟ್ಟಿತು. ಅರ್ಜಿ ಹಾಕಿದರೆ ಉಪವಿಭಾಗದ ಡಿವೈಎಸ್‌ಪಿ ಅಪಾಯದ ವರದಿ ಕೊಡಬೇಕು, ಜಿಲ್ಲಾ ನ್ಯಾಯಾಧೀಶರ ಸಮಿತಿ ತೀರ್ಮಾನಿಸಬೇಕು. ಮನೆ ಮುಂದೆ ಗಸ್ತು, ಕೋರ್ಟಿಗೆ ಸರ್ಕಾರಿ ವಾಹನ, ತೀರಾ ಅಪಾಯವಿದ್ದರೆ ಹೊಸ ಗುರುತು.

2024ರ ಜುಲೈ 1ರಿಂದ, 1973ರ ಸಂಹಿತೆಯ ಜಾಗದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಝೀರೋ ಎಫ್‌ಐಆರನ್ನು ಕಾನೂನಿನಲ್ಲೇ ಬರೆದಿದೆ. ಫೋನಿನಿಂದಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಆದರೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವನ್ನೂ ಕೊಟ್ಟಿದೆ. ಇದು 2013ರ ತೀರ್ಪಿನಿಂದ ಹಿಂದೆ ಇಟ್ಟ ಹೆಜ್ಜೆ ಎಂಬುದು ನನ್ನ ಅಭಿಪ್ರಾಯ. ಬಡವರ ಪಾಲಿಗೆ ಹದಿನಾಲ್ಕು ದಿನವೆಂದರೆ ರಾಜಿಗೆ ಒತ್ತಾಯಿಸಲು ಬೇಕಾದಷ್ಟು ಸಮಯ.

ಹೊಸ ಸಂಹಿತೆಯ 193ನೇ ಕಲಮಿನ ಮೇಲೆ ಮಾತ್ರ ನನಗೆ ತುಂಬ ಭರವಸೆ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳೊಳಗೆ ನೊಂದವರಿಗೆ ಪೊಲೀಸರೇ ತಿಳಿಸಬೇಕು. ಮೊಬೈಲಿಗೆ ಒಂದು ಸಂದೇಶ ಬಂದರೂ ಸಾಕು. ಚಿಕ್ಕಮ್ಮನ ಕಾಲಕ್ಕೆ ಅದಿರಲಿಲ್ಲ. ಒಂದೂವರೆ ವರ್ಷದ ಮೇಲೆ ಒಂದು ನೋಟಿಸ್ ಬಂತು: ಆರೋಪಿ ಪತ್ತೆಯಾಗಿಲ್ಲ, ಸಿ ರಿಪೋರ್ಟ್ ಹಾಕಲಾಗಿದೆ. ನನ್ನಿಂದ ಎರಡು ಸಲ ಓದಿಸಿ ಕೇಳಿ, ಬರಿಗತ್ತನ್ನು ಮುಟ್ಟಿಕೊಂಡು ಅವರು ಅಂದರು: "ಇಷ್ಟು ದಿನ ಹುಡುಕ್ತಿದ್ರಾ? ನಂಗೊಂದು ಮಾತು ಹೇಳಿದ್ರೆ ಸಾಕಿತ್ತಲ್ಲ."