ಹಾಡಿಗೆ ಓಡಿಬಂದ ಮಗುವನ್ನು ಕೇಳಿದವರಾರು?

ದಕ್ಷಿಣ ಕೊಡಗಿನ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಕೇರಿಗಳಲ್ಲಿ, ಇದು ಹೊಸದಲ್ಲ: ಜೂನ್‌ನಲ್ಲಿ ಹಾಸ್ಟೆಲಿಗೆ ಸೇರಿಸಿದ ಹುಡುಗ ಮಳೆ ನಿಲ್ಲುವ ಮೊದಲೇ ಟ್ರಂಕು ಅಲ್ಲೇ ಬಿಟ್ಟು ಮನೆಗೆ ವಾಪಸ್. ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರು’. ‘ಹಾಡಿ ಮಕ್ಕಳಿಗೆ ಓದು ಹತ್ತಲ್ಲ ಬಿಡಿ’ ಅಂತ ಊರಿನವರ ಷರಾ. ಓಡಿಬಂದವರೆಲ್ಲ ಏಟಿಗೋ ಅದಕ್ಕಿಂತ ಕೆಟ್ಟದ್ದಕ್ಕೋ ಹೆದರಿದವರಲ್ಲ, ಅವ್ವನ ನೆನಪಾಗಿ ಬಂದವರೂ ಉಂಟು. ಯಾವುದು ಯಾವುದೆಂದು ಕೂರಿಸಿ ಕೇಳಿದವರು ಮಾತ್ರ ಕಡಿಮೆ.

ಕಾನೂನೂ ಬಹುಕಾಲ ಕೇಳಲಿಲ್ಲ. 1986ರ ಬಾಲನ್ಯಾಯ ಕಾಯ್ದೆಯಾಗಲಿ 2000ದ್ದಾಗಲಿ, ಸುಪರ್ದಿನಲ್ಲಿದ್ದ ಮಗುವನ್ನು ಹಿಂಸಿಸಿದವರಿಗೆ ಇಟ್ಟಿದ್ದ ಗರಿಷ್ಠ ಜೈಲು ಆರು ತಿಂಗಳು. 2007ರಲ್ಲಿ ಕೇಂದ್ರ ಸರ್ಕಾರದ ಅಧ್ಯಯನವೊಂದು 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಸಂಸ್ಥೆಗಳಲ್ಲಿದ್ದ ಮಕ್ಕಳದ್ದೇ ಅದರಲ್ಲೊಂದು ಗುಂಪು. ಒಟ್ಟಾರೆ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಹೇಳಿಕೊಂಡರು. 2012ರ ನವೆಂಬರ್ 14ಕ್ಕೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಹುಡುಗರಿಗೂ ಅದರ ಆಸರೆ ಸಿಕ್ಕಿತು. ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಎಂದಾಯಿತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಪಾಲನಾ ಸಂಸ್ಥೆಯ ಸಿಬ್ಬಂದಿಯೇ ಕ್ರೌರ್ಯ ಎಸಗಿದರೆ ಶಿಕ್ಷೆ ಐದು ವರ್ಷದವರೆಗೆ ಏರಿತು.

ದುಡ್ಡಿನ ಕಥೆ ಇದಕ್ಕಿಂತ ಗೋಜಲು. ಕಾಫಿ ತೋಟದ ಕೂಲಿಗಳ ಲೈನ್ ಮನೆಗಳಲ್ಲಿ ‘ಪರಿಹಾರ’ ಅಂದರೆ ರಾಜಿ. ಯಾರೋ ದೊಡ್ಡವರು ನಡುವೆ ಕೂತು, ಇಷ್ಟು ಇಸ್ಕೊಂಡು ಸುಮ್ಮನಾಗಿ ಎನ್ನುವುದು. ಮರ್ಯಾದೆಗೆ ಅಂಜುವವರು ಬೇಡವೇ ಬೇಡ ಅಂತಾರೆ. ಆದರೆ 2009ರ ಕೊನೆಗೆ ಜಾರಿಯಾದ ದಂಡಪ್ರಕ್ರಿಯಾ ಸಂಹಿತೆಯ 357ಎ ಕಲಂ (2024ರ ಜುಲೈನಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ), ಅದರ ಬೆನ್ನಿಗೆ ಬಂದ ಕರ್ನಾಟಕದ 2011ರ ಯೋಜನೆ ಹೇಳುವುದು ಸರ್ಕಾರ ಕೊಡುವ ಹಣದ ಮಾತು; ಆರೋಪಿಯ ಜೇಬಿಗೂ ಅದಕ್ಕೂ ಸಂಬಂಧವಿಲ್ಲ. 2020ರ ಪೋಕ್ಸೊ ನಿಯಮಗಳ ಪ್ರಕಾರ ಎಫ್‌ಐಆರ್ ಆದಮೇಲೆ ಯಾವ ಹಂತದಲ್ಲೂ ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಖುಲಾಸೆಯಾದರೂ, ಪತ್ತೆಯೇ ಆಗದಿದ್ದರೂ ಕೋರ್ಟು ಕೊಡಿಸಬಹುದು. ಆದೇಶ ಕೈಸೇರಿದ 30 ದಿನದೊಳಗೆ ಸರ್ಕಾರ ಪಾವತಿಸಬೇಕು.

ಕಾಗದದ ಮೇಲೆ ಇಷ್ಟು ಸಲೀಸು. ಮಡಿಕೇರಿ ಮಾತ್ರ ದೂರ. ಪರಿಹಾರದ ಅರ್ಜಿ ಹಿಡಿದು, ಗೋಣಿಕೊಪ್ಪದಲ್ಲಿ ಬಸ್ ಬದಲಿಸಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ಮುಟ್ಟುವಷ್ಟರಲ್ಲಿ ಒಂದು ದಿನದ ಕೂಲಿ ಹೋಗಿರುತ್ತದೆ. ಪ್ಲಾಸ್ಟಿಕ್ ಕವರಿನಿಂದ ತೆಗೆದ ಆಧಾರ್‌ನಲ್ಲಿ ಮಗುವಿನ ಹೆಸರು ಒಂದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಹುಟ್ಟಿದ ದಿನ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1. ಪೋಕ್ಸೊ ಕೇಸಿಗೆ ವಯಸ್ಸೇ ಬುಡ, ಅದೇ ಅಲ್ಲಾಡುತ್ತಿರುತ್ತದೆ.

ಇನ್ನು 1990ರ ದಶಕದಲ್ಲಿ ನರಳಿ ಈಗ ನಲವತ್ತು ದಾಟಿದವರಿಗೆ ಪೋಕ್ಸೊ ಹಿಂದಕ್ಕೆ ಅನ್ವಯಿಸುವುದೇ ಇಲ್ಲ. ಐರ್ಲೆಂಡ್ 2002ರಲ್ಲೇ, ಆಸ್ಟ್ರೇಲಿಯಾ 2018ರ ಜುಲೈನಲ್ಲಿ ಇಂಥ ಹಳೆಯ ಸಂತ್ರಸ್ತರಿಗೆಂದೇ ಯೋಜನೆ ತಂದವು. ಆಸ್ಟ್ರೇಲಿಯಾದಲ್ಲಿ 1.5 ಲಕ್ಷ ಡಾಲರ್‌ವರೆಗೆ ಸಿಗುತ್ತದೆ. ಯೋಜನೆಗೆ ಸೇರಿದ ಸಂಸ್ಥೆ ಆ ಹಣ ತುಂಬಬೇಕು, ಸಂತ್ರಸ್ತರು ಬಯಸಿದರೆ ಎದುರು ಕೂತು ಕ್ಷಮೆಯನ್ನೂ ಕೇಳಬೇಕು. ನಮ್ಮಲ್ಲಿ ಬೊಕ್ಕಸ ಕೊಡುತ್ತದೆ, ಸಿಕ್ಕಿಬಿದ್ದ ವಾರ್ಡನ್ ಒಳಗೆ ಹೋಗುತ್ತಾನೆ, ಹಾಸ್ಟೆಲು ಬರುವ ಜೂನ್‌ಗೆ ಮತ್ತೆ ಅರ್ಜಿ ಕರೆಯುತ್ತದೆ.