ಡ್ಯಾಟ್ ಟೇಪಿನಲ್ಲಿ ಬೇಕಾದ ಪದ ಬೇಕೆಂದಾಗ ಸಿಗಬೇಕಾದರೆ

ಕಲಬುರಗಿಯ ನನ್ನ ಸ್ಟುಡಿಯೋಗೆ ಹಳೆಯ ಡ್ಯಾಟ್ (ಡಿಜಿಟಲ್ ಆಡಿಯೋ ಟೇಪ್) ಟೇಪುಗಳನ್ನು ತರುವವರು ಧ್ವನಿಯ ಗುಣಮಟ್ಟದ ಬಗ್ಗೆ ಕೇಳುವುದು ಕಡಿಮೆ. ಎರಡು ತಾಸಿನ ಭಜನೆಯಲ್ಲಿ ತಮಗೆ ಬೇಕಾದ ಕಡಕೋಳ ಮಡಿವಾಳಪ್ಪನವರ ತತ್ವಪದ ಎಲ್ಲಿದೆ ಎಂಬುದೇ ಅವರ ಪ್ರಶ್ನೆ. ಉತ್ತರ ಆ ಟೇಪಿನಲ್ಲಿಯೇ ಇರಬೇಕಿತ್ತು. ಮುದ್ರಿಸುವಾಗ ಸೂಚಿಯನ್ನು, ಅಂದರೆ ಯಾವ ಪದ ಎಲ್ಲಿದೆ ಎಂದು ತೋರಿಸುವ ಗುರುತುಗಳನ್ನು, ಕ್ರಮವಾಗಿ ಹಾಕದಿದ್ದರಿಂದ ಇಡೀ ಟೇಪನ್ನು ಕೂತು ಕೇಳಬೇಕಾಗುತ್ತದೆ. ಸೋನಿ ಕಂಪನಿ 1987ರಲ್ಲಿ ಮಾರುಕಟ್ಟೆಗೆ ತಂದ ಡ್ಯಾಟ್ ಯಂತ್ರಗಳ ತಯಾರಿಕೆಯನ್ನು 2005ರಲ್ಲಿ ನಿಲ್ಲಿಸಿತಾದರೂ, ಸುಸ್ಥಿತಿಯಲ್ಲಿರುವ ಇಂಥ ಯಂತ್ರಗಳಲ್ಲಿ, ಅಂದರೆ ಡೆಕ್‌ಗಳಲ್ಲಿ ಮುದ್ರಿಸುವವರೂ, ಹಳೆಯ ಟೇಪುಗಳಿಗೆ ಈಗ ಸೂಚಿ ಹಾಕಿಸುವವರೂ ಇದ್ದಾರೆ. ಈ ಬರಹ ಅವರಿಗಾಗಿ.

ಡ್ಯಾಟ್ ಟೇಪಿನ ಮೇಲೆ ಧ್ವನಿಯು ಓರೆಯಾದ ಸಣ್ಣ ಸಣ್ಣ ಪಟ್ಟಿಗಳಾಗಿ ದಾಖಲಾಗುತ್ತದೆ. ಪ್ರತಿ ಪಟ್ಟಿಯ ನಡುಭಾಗದಲ್ಲಿ ಧ್ವನಿ ಇರುತ್ತದೆ, ಎರಡೂ ತುದಿಗಳ ಬಳಿ ಸಬ್‌ಕೋಡ್ ಎಂಬ ಪ್ರತ್ಯೇಕ ಜಾಗವಿರುತ್ತದೆ. ಸೂಚಿಯ ಗುರುತುಗಳೆಲ್ಲ ಈ ಸಬ್‌ಕೋಡ್‌ನಲ್ಲಿ ಕೂರುವುದರಿಂದ, ಧ್ವನಿಗೆ ಕೈ ಹಚ್ಚದೆಯೇ ಅವುಗಳನ್ನು ಆಮೇಲೆ ಬರೆಯಬಹುದು, ಅಳಿಸಬಹುದು, ಸರಿಸಬಹುದು. ಆ ಗುರುತುಗಳಲ್ಲಿ ಮುಖ್ಯವಾದವು ಮೂರು: ಪದ ಆರಂಭವಾಗುವ ಜಾಗವನ್ನು ತೋರಿಸುವ ಸ್ಟಾರ್ಟ್ ಐಡಿ, ಅದು ಎಷ್ಟನೆಯ ಪದ ಎಂದು ಹೇಳುವ ಪ್ರೋಗ್ರಾಂ ನಂಬರ್, ಮತ್ತು ಟೇಪಿನ ಮೊದಲಿನಿಂದ ಆ ಜಾಗಕ್ಕೆ ಎಷ್ಟು ಹೊತ್ತಾಯಿತೆಂದು ತಿಳಿಸುವ ಅಬ್ಸಲ್ಯೂಟ್ ಟೈಮ್. ಮೊದಲ ಎರಡನ್ನು ನಂತರವೂ ಸರಿಪಡಿಸಬಹುದು. ಅಬ್ಸಲ್ಯೂಟ್ ಟೈಮ್ ಮಾತ್ರ ಸಾಮಾನ್ಯ ಡೆಕ್‌ಗಳಲ್ಲಿ ಧ್ವನಿಯ ಜೊತೆಗೇ ದಾಖಲಾಗಬೇಕು, ಒಮ್ಮೆ ತಪ್ಪಿದರೆ ಆಮೇಲೆ ಸೇರಿಸಲು ಬರುವುದಿಲ್ಲ. ಆದ್ದರಿಂದ ಗಮನವೆಲ್ಲ ಮೊದಲು ಅದರ ಮೇಲಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕಾಗಿ ಹೊಸ ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ, ತೀರಾ ಆರಂಭದಿಂದಲೇ ಮುದ್ರಣ ಶುರುಮಾಡಬೇಕು ಮತ್ತು ಮೊದಲ ಕೆಲವು ಸೆಕೆಂಡುಗಳನ್ನು ಮೌನವಾಗಿಯೇ ದಾಖಲಿಸಬೇಕು. ನಡುವೆ ಎಲ್ಲಿಯೂ ಖಾಲಿ ಟೇಪು ಉಳಿಯಬಾರದು. ಮೌನವನ್ನು ಮುದ್ರಿಸುವುದು ಬೇರೆ, ಏನನ್ನೂ ಮುದ್ರಿಸದೆ ಬಿಡುವುದು ಬೇರೆ. ಮೌನವನ್ನು ಮುದ್ರಿಸಿದರೆ ಸಮಯದ ಎಣಿಕೆ ಮುಂದುವರಿಯುತ್ತದೆ, ಖಾಲಿ ಬಿಟ್ಟರೆ ಅಲ್ಲಿಗೆ ಕಡಿದುಹೋಗುತ್ತದೆ. ಭಜನೆಯವರು ಚಹಾಕ್ಕೆ ಎದ್ದಾಗ ಮುದ್ರಿಸಿದ್ದನ್ನು ಒಮ್ಮೆ ಕೇಳಿನೋಡಿ, ಮುದ್ರಣ ಮುಗಿದ ಜಾಗವನ್ನು ದಾಟಿ ಮುಂದಕ್ಕೆ ಹೋಗಿ, ಅಲ್ಲಿಂದಲೇ ಮತ್ತೆ ಮುದ್ರಣಕ್ಕೆ ಕೂರುವುದರಿಂದಲೇ ಈ ತೊಂದರೆ ಹೆಚ್ಚಾಗಿ ಆಗುತ್ತದೆ. ಡೆಕ್‌ನಲ್ಲಿ ಮುದ್ರಣ ಮುಗಿದ ಜಾಗವನ್ನು ತಾನೇ ಹುಡುಕುವ ಎಂಡ್ ಸರ್ಚ್ ಇದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಹಿಂದಿನ ಮುದ್ರಣದ ಕೊನೆಯ ಮೌನದೊಳಗೇ ನಿಲ್ಲಿಸಿ ಅಲ್ಲಿಂದ ಮುಂದುವರಿಸಿದರೆ, ಯಂತ್ರ ಹಳೆಯ ಸಮಯವನ್ನು ಓದಿಕೊಂಡು ಎಣಿಕೆಯನ್ನು ಮುಂದಕ್ಕೆ ಒಯ್ಯುತ್ತದೆ. ಹಾಗಾಗಿ ಪ್ರತಿ ಪದ ಮುಗಿದ ಮೇಲೂ ಒಂದಿಷ್ಟು ಹೊತ್ತು ಮುದ್ರಣ ಓಡಲು ಬಿಡುವುದು ಒಳ್ಳೆಯದು.

ಇನ್ನು ಆಟೋ ಐಡಿಯ ವಿಷಯ. ಧ್ವನಿಮಟ್ಟ ಕೆಲವು ಸೆಕೆಂಡು ಕುಸಿದು ಮತ್ತೆ ಏರಿದಾಗ ಡೆಕ್ ತಾನೇ ಸ್ಟಾರ್ಟ್ ಐಡಿ ಬರೆಯುವ ಏರ್ಪಾಡು ಇದು. ಸ್ಟುಡಿಯೋದಲ್ಲಿ ಹಾಡು ಹಾಡಿನ ನಡುವೆ ಶುದ್ಧ ಮೌನವಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ನಮ್ಮ ಭಜನೆಗಳಲ್ಲಿ ಅಂಥ ಮೌನವೇ ಇರುವುದಿಲ್ಲ. ಒಂದು ಪದ ಮುಗಿದು ಇನ್ನೊಂದು ಏಳುವವರೆಗೆ ಏಕತಾರಿ ನುಡಿಯುತ್ತಿರುತ್ತದೆ, ಹಾರ್ಮೋನಿಯಂ ಶ್ರುತಿ ಹಿಡಿದಿರುತ್ತದೆ, ಕೇಳುವವರು ಮಾತಾಡುತ್ತಿರುತ್ತಾರೆ. ಆಗ ಬೇಕಾದಲ್ಲಿ ಗುರುತು ಬೀಳುವುದಿಲ್ಲ. ಅದೇ ಮೊಹರಂನ ರಿವಾಯತ್ ಪದವನ್ನು ಒಬ್ಬರೇ ನಿಧಾನವಾಗಿ ಹೇಳುತ್ತ ನಡುವೆ ಉಸಿರಿಗೆ ನಿಂತರೆ, ಒಂದೇ ಪದ ಎರಡು ಮೂರಾಗಿ ಒಡೆದುಹೋಗುತ್ತದೆ. ಕ್ಷೇತ್ರಕಾರ್ಯದಲ್ಲಿ ಆಟೋ ಐಡಿಯನ್ನು ಬಂದ್ ಮಾಡಿ, ಗುರುತುಗಳನ್ನು ಕೈಯಿಂದಲೇ ಹಾಕಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಕೈಯಿಂದ ಹಾಕುವಾಗ ಒಂದು ಮಿತಿ ನೆನಪಿರಲಿ. ಅತಿ ವೇಗದಲ್ಲಿ ಹುಡುಕುವಾಗಲೂ ಸಿಗಲೆಂದು ಸ್ಟಾರ್ಟ್ ಐಡಿಯನ್ನು ಟೇಪಿನ ಮೇಲೆ ಸುಮಾರು 9 ಸೆಕೆಂಡು ಉದ್ದಕ್ಕೆ ಬರೆಯಲಾಗುತ್ತದೆ, ಆದ್ದರಿಂದ ಎರಡು ಗುರುತುಗಳನ್ನು ಅದಕ್ಕಿಂತ ಹತ್ತಿರದಲ್ಲಿ ಇಡಲಾಗದು. ಆಮೇಲೆ ನಡುವೆ ಹೊಸ ಗುರುತು ಸೇರಿಸಿದರೆ ಅಥವಾ ಬೇಡವಾದದ್ದನ್ನು ಅಳಿಸಿದರೆ ಪ್ರೋಗ್ರಾಂ ನಂಬರುಗಳ ಸಾಲು ಕೆಡುತ್ತದೆ. ರಿನಂಬರ್ ಗುಂಡಿ ಒತ್ತಿದರೆ ಡೆಕ್ ಟೇಪನ್ನು ಮೊದಲಿಗೆ ಸುತ್ತಿ, ಪ್ರತಿ ಸ್ಟಾರ್ಟ್ ಐಡಿಯನ್ನು ಹುಡುಕುತ್ತ ಒಂದರಿಂದ ಸಂಖ್ಯೆ ಕೊಡುತ್ತ ಹೋಗುತ್ತದೆ. ಗುರುತುಗಳೆಲ್ಲ ಸರಿಯಾದ ಮೇಲೆ, ಕೊನೆಯಲ್ಲಿ ಒಮ್ಮೆ ಮಾತ್ರ ಇದನ್ನು ಮಾಡಿದರೆ ಟೇಪಿಗೂ ಅದನ್ನು ಓದುವ ಹೆಡ್ಡಿಗೂ ಸವೆತ ಕಡಿಮೆ.

ಇಷ್ಟೆಲ್ಲ ಮಾಡಿದರೂ ಒಂದು ನೋಟುಪುಸ್ತಕ ಬೇಕೇ ಬೇಕು. ಪ್ರತಿ ಪದದ ಎದುರು ಅಬ್ಸಲ್ಯೂಟ್ ಟೈಮ್, ಮೊದಲ ಸಾಲು, ಹಾಡಿದವರು, ಊರು, ತಾರೀಖು ಬರೆದಿಡಬೇಕು. ಡಿಜಿಟಲ್ ಕೇಬಲ್ ಮೂಲಕ ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಧ್ವನಿ ಯಥಾವತ್ತಾಗಿ ಬಂದರೂ, ಸಾಮಾನ್ಯ ಸೌಂಡ್ ಕಾರ್ಡುಗಳು ಸ್ಟಾರ್ಟ್ ಐಡಿಗಳನ್ನು ಗಮನಿಸದೆ ಬಿಟ್ಟುಬಿಡುತ್ತವೆ. ಆದರೆ ಟೇಪಿನ ಸೊನ್ನೆ ಸಮಯದಿಂದಲೇ ಫೈಲನ್ನು ಆರಂಭಿಸಿ, ತಡೆಯಿಲ್ಲದೆ ಕೊನೆಯವರೆಗೆ ಇಳಿಸಿದರೆ, ಪುಸ್ತಕದಲ್ಲಿ ಬರೆದ ಸಮಯವೇ ಫೈಲಿನ ಸಮಯವೂ ಆಗುತ್ತದೆ. ಅಬ್ಸಲ್ಯೂಟ್ ಟೈಮ್ ಕಡಿಯದಂತೆ ಮುದ್ರಿಸಿದ್ದರ ಪೂರ್ಣ ಫಲ ಸಿಗುವುದು ಇಲ್ಲಿಯೇ.

ಕೆಲಸ ಮುಗಿದ ಮೇಲೆ ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ತಡೆಗುಂಡಿಯನ್ನು ತೂತು ಕಾಣುವಂತೆ ಸರಿಸಿದರೆ ಅದರ ಮೇಲೆ ಮತ್ತೆ ಮುದ್ರಣವಾಗದು. ಸೂಚಿ ತಿದ್ದುವುದೂ ಬರವಣಿಗೆಯೇ ಆದ್ದರಿಂದ, ರಿನಂಬರ್ ಆಗುವವರೆಗೆ ಮಾತ್ರ ಆ ತೂತನ್ನು ಮುಚ್ಚಿಡಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಟೇಪುಗಳನ್ನು ಕಾರಿನೊಳಗೆ ಬಿಡಬಾರದು. ನೋಟುಪುಸ್ತಕದ ಆ ಪುಟದ ಝೆರಾಕ್ಸ್ ಪ್ರತಿಯೊಂದನ್ನು ಮಡಚಿ ಕ್ಯಾಸೆಟ್ ಡಬ್ಬಿಯಲ್ಲಿಯೇ ಇಡಬೇಕು.